ಸವಿದು ಓದುವ ದಾರಿಯನ್ನೂ ತಿಳಿಸಿ

ಮಾನ್ಯರೇ,

ವರ್ಷದೊಳಗೆ ಬೈಬಲ್ ಓದಿ ಮುಗಿಸುವ ಸಂಕಲ್ಪ ಮಾಡುವವರು ಅನೇಕರು. ಪ್ರೊಟೆಸ್ಟೆಂಟ್ ಬೈಬಲಿನ 1,189 ಅಧ್ಯಾಯಗಳಿಗೆ ದಿನಕ್ಕೆ ಮೂರು ಸಾಲದು, ಕೆಲವು ದಿನ ನಾಲ್ಕು ಓದಬೇಕು. ಗ್ರಂಥದ ಪರಿಚಯಕ್ಕೆ ಇದು ಒಳ್ಳೆಯದೇ. ಆದರೆ ಇಷ್ಟು ಓದಿಯೂ ಮನಸ್ಸು ಒಣಗಿದೆ ಎನ್ನುವವರಿಗೆ ಇನ್ನಷ್ಟು ಓದಿ ಎಂದು ಹೇಳುವುದು ತಪ್ಪು. ಯೇಸುಸಭೆಯನ್ನು (ಜೆಸ್ವಿಟ್) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರ ಧ್ಯಾನದ ಕೈಪಿಡಿ 'ಆಧ್ಯಾತ್ಮಿಕ ಸಾಧನೆಗಳು' 1548ರಲ್ಲಿ ಅಚ್ಚಾಯಿತು. ಬಹಳ ತಿಳಿದುಕೊಳ್ಳುವುದರಿಂದಲ್ಲ, ಒಳಗೇ ಸವಿಯುವುದರಿಂದ ಆತ್ಮ ತಣಿಯುತ್ತದೆ ಎಂಬ ಮಾತು ಅದರ ಆರಂಭದಲ್ಲೇ ಇದೆ.

ಕೃತಜ್ಞತೆಯನ್ನು ಕಲಿಯಲು ಬೈಬಲಿನ ಲೂಕನ ಸುವಾರ್ತೆಯ 17:11–19 ಸಾಕು. ಒಂಬತ್ತೇ ವಚನ. ನಿಧಾನವಾಗಿ ಎರಡು ಸಲ ಓದಿ (ಒಮ್ಮೆಯಾದರೂ ಗಟ್ಟಿಯಾಗಿ), ಪುಸ್ತಕ ಮುಚ್ಚಿಡಿ. ಬೇಕಾದುದನ್ನು ಮೊದಲೇ ಕೇಳಿಕೊಳ್ಳಿ: 'ಪಡೆದದ್ದನ್ನು ಗುರುತಿಸುವ ಕಣ್ಣು ಕೊಡು.' ಆಮೇಲೆ ಇಪ್ಪತ್ತು ನಿಮಿಷ ಕಲ್ಪನೆಯಲ್ಲಿ ಆ ಪ್ರಸಂಗದ ಹಳ್ಳಿಯ ದಾರಿಯಲ್ಲಿ ನಿಲ್ಲಿ. ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲೇ ನಿಂತು ಯೇಸುವನ್ನು ಕೂಗುತ್ತಾರೆ. ಯಾಜಕರಿಗೆ (ರೋಗ ವಾಸಿಯಾಯಿತೆಂದು ಸಾರುವವರು ಅವರೇ) ಮೈ ತೋರಿಸಿಕೊಳ್ಳಿ ಎಂಬ ಅವನ ಅಪ್ಪಣೆ ಸಿಕ್ಕಾಗ ರೋಗ ಇನ್ನೂ ಮೈಮೇಲೇ ಇದೆ. ಹೊರಟ ಮೇಲೆ, ನಡೆಯುತ್ತಿರುವಾಗ ಗುಣವಾಗುತ್ತದೆ. ಅವರಲ್ಲೊಬ್ಬ ಅದನ್ನು ಕಂಡು ನಿಂತ ಗಳಿಗೆ ಇದೆಯಲ್ಲ, ಅಲ್ಲಿ ಆತುರ ಬೇಡ. ಅವನ ಕೈಯ ಚರ್ಮವನ್ನು ನೋಡಿ; ಉಳಿದವರ ಹೆಜ್ಜೆಸಪ್ಪಳ ಮುಂದೆ ಮುಂದೆ ಹೋಗುವುದನ್ನು ಕೇಳಿ. ದೂರದಿಂದ ಕರುಣೆ ಬೇಡಿದ ಗಂಟಲೇ ಈಗ ದೇವರನ್ನು ಕೊಂಡಾಡುತ್ತಾ ಹತ್ತಿರ ಬರುತ್ತದೆ. ಹೀಗೆ ಬಂದವನು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ನೀವೂ ಅವನ ಪಕ್ಕದಲ್ಲೇ ಕುಳಿತು, ಇಂದು ದೊರೆತ ಒಂದೇ ಒಂದು ವಿಷಯವನ್ನು ಹೆಸರಿಟ್ಟು ಯೇಸುವಿಗೆ ಹೇಳಿ. 'ಎಲ್ಲಕ್ಕೂ ವಂದನೆ' ಎಂದರೆ ಮನಸ್ಸು ಏನನ್ನೂ ನೆನೆಯದೆ ಜಾರಿಕೊಳ್ಳುತ್ತದೆ.

ಎಡವುವುದು ಹೆಚ್ಚಾಗಿ ಎರಡು ಕಡೆ. ಕೆಲವರ ಕಲ್ಪನೆ ಉಡುಪು, ಮರ, ಮನೆಗಳನ್ನೇ ಕಟ್ಟುತ್ತಾ ಹೋಗಿ ಯೇಸುವನ್ನೇ ಮರೆಯುತ್ತದೆ. ಆಗ ವಚನಕ್ಕೆ ಮರಳಿ, ಒಬ್ಬ ವ್ಯಕ್ತಿಯ ಮೇಲೆ ಗಮನವಿಡಬೇಕು. ಇನ್ನು ಕೆಲವರು 'ನಾನು ಹಿಂದಿರುಗದ ಆ ಒಂಬತ್ತು ಮಂದಿಯ ಹಾಗೆ' ಎಂದು ಬೇಗನೆ ತಮ್ಮನ್ನು ಹಳಿದುಕೊಳ್ಳುತ್ತಾರೆ. ಅಪರಾಧಭಾವ ಮುಂದೆ ಬಂದು ಕುಳಿತರೆ ಸಂತೋಷಕ್ಕೆ ಎಡೆಯಿರುವುದಿಲ್ಲ. ಚಿತ್ರ ಮೂಡದವರು ಚಿಂತಿಸಬೇಕಿಲ್ಲ, ಕಿವಿಯಿಂದಲೇ ಧ್ಯಾನಿಸಬಹುದು.

ಮುಗಿದ ಮೇಲೆ ಕಾಲು ಗಂಟೆ ಕುಳಿತೋ ನಡೆದಾಡುತ್ತಲೋ ನಡೆದದ್ದನ್ನು ಮೆಲುಕು ಹಾಕಲು ಇಗ್ನೇಷಿಯಸ್ ಹೇಳುತ್ತಾರೆ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು ಎಂದು ಎರಡು ಸಾಲು ಬರೆದಿಟ್ಟರೆ ಮರುದಿನ ಹೊಸ ಭಾಗ ಹುಡುಕಬೇಕಿಲ್ಲ, ಅದೇ ಜಾಗಕ್ಕೆ ಹಿಂದಿರುಗಬಹುದು. ಮೊದಲ ದಿನವೇ ಆನಂದ ಉಕ್ಕಬೇಕೆಂದು ಹಟ ಹಿಡಿಯಬಾರದು. ಭಾವವನ್ನು ಬಲವಂತವಾಗಿ ಹಿಂಡಿದರೆ ದಣಿವಷ್ಟೇ ಉಳಿಯುತ್ತದೆ.

ಪತ್ರಿಕೆಯ ಆಧ್ಯಾತ್ಮ ಅಂಕಣಗಳಲ್ಲಿ ಬಿಡಿ ವಚನದ ಬದಲು ಆಗಾಗ ಇಂಥ ಎಂಟು–ಹತ್ತು ವಚನಗಳ ಒಂದು ಇಡೀ ಪ್ರಸಂಗವನ್ನು, ಓದುವ ಕ್ರಮದೊಂದಿಗೆ, ಪ್ರಕಟಿಸಬೇಕೆಂದು ಕೋರುತ್ತೇನೆ. ವ್ಯಾಖ್ಯಾನ ಚಿಕ್ಕದಿದ್ದಷ್ಟೂ ಒಳ್ಳೆಯದು.

— ಓದುಗರೊಬ್ಬರು