ಸಾಹೇಬರ ಕೋಣೆಯ ಹೊರಗಿನ ಮೇಜು

ಮಾನ್ಯ ಸಂಪಾದಕರೇ,

ಕಾರವಾರದಲ್ಲಿ ಹಿರಿಯ ಪೊಲೀಸ್ ಅಧಿಕಾರಿಗಳ ಆಪ್ತ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಸಾಹೇಬರು ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ. ಯಾವ ಕಡತ ಎಲ್ಲಿದೆ, ಯಾರ ಅರ್ಜಿಗೆ ಉತ್ತರ ಬಾಕಿ ಎಂಬುದು ಗೊತ್ತಿರುವುದು ಈ ಮೇಜಿಗೆ. ಟಪಾಲು, ಪ್ರವಾಸಪಟ್ಟಿ, ವಿಧಾನಸಭೆ ಪ್ರಶ್ನೆಗಳ ಉತ್ತರ ಹೇಗೋ ಕೈಗೆ ಹತ್ತುತ್ತವೆ.

ಕಷ್ಟದ್ದು ಫೋನ್. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದ ಮೇಲೆ ಬಂದ ಕರೆಗಳಲ್ಲಿ ಇದ್ದದ್ದು ಒಂದೇ ಪ್ರಶ್ನೆ: 'ನಮ್ಮವರು ಸಿಕ್ಕರಾ?' ಪಕ್ಕದ ಗಂಗಾವಳಿ ನದಿಯಲ್ಲಿ ಶೋಧ ನಡೆದಿದೆ ಎಂದಷ್ಟೇ ಹೇಳಬಹುದಿತ್ತು. ಖಚಿತವಲ್ಲದ್ದನ್ನು ಹೇಳುವಂತಿಲ್ಲ, ಸಿಡುಕುವಂತೆಯೂ ಇಲ್ಲ. ಅತ್ತು ಮುಗಿಸುವವರೆಗೆ ಕಾದು ಹೆಸರು, ಊರು, ನಂಬರ್ ಬರೆದುಕೊಳ್ಳಬೇಕು. ಟೈಪಿಂಗ್, ಶೀಘ್ರಲಿಪಿ ಕಲಿತು ಬಂದ ನಮಗೆ ಇದನ್ನು ಯಾರೂ ಕಲಿಸಿರಲಿಲ್ಲ.

ಸಂಕಟದಲ್ಲಿರುವವರೊಡನೆ ಮಾತನಾಡುವ ತರಬೇತಿಯನ್ನು ಸರ್ಕಾರ ಲಿಪಿಕ ಸಿಬ್ಬಂದಿಗೂ ಕೊಡಲಿ. ಖಾಲಿಯಾದ ಶೀಘ್ರಲಿಪಿಗಾರರ ಹುದ್ದೆಗಳನ್ನು ತಡಮಾಡದೆ ತುಂಬಲಿ. ಈಗ ಆ ಮೇಜಿನಲ್ಲಿರುವ ತಮ್ಮ-ತಂಗಿಯರಲ್ಲಿ ನನ್ನದೂ ಒಂದು ವಿನಂತಿ: ಜೋಯಿಡಾದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಬಂದವರಿಗೆ, ಸಾಹೇಬರು ಭಟ್ಕಳದ ಬಂದೋಬಸ್ತಿಗೆ ಹೋಗಿದ್ದರೂ, 'ನಾಳೆ ಬನ್ನಿ' ಎನ್ನಬೇಡಿ. ಅರ್ಜಿ ತೆಗೆದುಕೊಳ್ಳಿ, ಸ್ವೀಕೃತಿ ಕೊಟ್ಟು ಕಳುಹಿಸಿ.

– ನಿವೃತ್ತ ಆಪ್ತ ಸಹಾಯಕಿ, ಕೋಡಿಬಾಗ, ಕಾರವಾರ