ಪಟ್ಟದ ಬೊಂಬೆ ತಂದುಕೊಟ್ಟವರಿಗೆ

ದಸರಾ ರಜೆಗೆ ಮಕ್ಕಳೊಂದಿಗೆ ಮೈಸೂರಿನ ತವರಿಗೆ ಬಂದ ಸಂಜೆ ಬಸ್ಸಿನಲ್ಲೇ ಕೈಚೀಲ ಮರೆತೆ. ಅದರಲ್ಲಿದ್ದದ್ದು ಅಜ್ಜಿ ನನ್ನ ಅಮ್ಮನಿಗೆ ಮದುವೆಯಲ್ಲಿ ಕೊಟ್ಟ, ಅಮ್ಮ ನನ್ನ ಮಡಿಲಿಗಿಟ್ಟ ರಕ್ತಚಂದನದ ಪಟ್ಟದ ಬೊಂಬೆಗಳು. ಮರುದಿನವೇ ಪಾಡ್ಯ. ರಾಜ ರಾಣಿಯರಿಲ್ಲದೆ ಬೊಂಬೆ ಕೂರಿಸುವುದು ಹೇಗೆ? ಅಮ್ಮ ಮಾತೇ ಆಡಲಿಲ್ಲ. ಪಕ್ಕದ ಮನೆಯವರು ತಮ್ಮ ಜೋಡಿಯನ್ನೇ ಕೊಡಲು ಮುಂದಾದರು. ಅವರದೂ ದೊಡ್ಡ ಮನಸ್ಸು.

ರಾತ್ರಿ ಒಂಬತ್ತೂವರೆಗೆ ನೀವು ಬಾಗಿಲು ತಟ್ಟಿದಿರಿ. ಚೀಲದಲ್ಲಿದ್ದ ಹಳೆಯ ಲಕೋಟೆಯ ವಿಳಾಸ ಹಿಡಿದು ಬಂದಿರಂತೆ. ರಾಣಿಯ ಸರದಿಂದ ಕಳಚಿದ್ದ ಮೂರು ಮುತ್ತುಗಳನ್ನು ಬಸ್ ಟಿಕೆಟ್ಟಿನಲ್ಲಿ ಮಡಿಸಿ ಜೋಪಾನವಾಗಿ ತಂದಿದ್ದಿರಿ. ನೀರನ್ನೂ ಕುಡಿಯದೆ, ಹೆಸರನ್ನೂ ಹೇಳದೆ ಹೊರಟುಬಿಟ್ಟಿರಿ. ನಿಮಗೆ ನಮ್ಮ ಮನೆಯವರೆಲ್ಲರ ಹೃದಯದಾಳದ ಧನ್ಯವಾದಗಳು.

ಬೀದಿಯ ಮಕ್ಕಳೆಲ್ಲ ಬೊಂಬೆ ಬಾಗಿನಕ್ಕೆ ಬಂದು ಹೋದರು. ನಿಮ್ಮ ಪಾಲಿನ ಕೊಬ್ಬರಿ ಮಿಠಾಯಿಯನ್ನು ಅಮ್ಮ ಡಬ್ಬಿಯಲ್ಲಿ ಎತ್ತಿಟ್ಟಿದ್ದಾರೆ. ವಿಜಯದಶಮಿಯೊಳಗೆ ಒಮ್ಮೆ ಬನ್ನಿ.