ಶನಿವಾರದ ಇಂಗ್ಲಿಷ್ ಪ್ರೆಸೆಂಟೇಶನ್ ಅಭ್ಯಾಸಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ 4ಕ್ಕೆ ವಿಜಯಪುರದ ನಮ್ಮ ಎಂದಿನ ಕೋಣೆಯಲ್ಲೇ ಸೇರೋಣ. ಒಬ್ಬರಿಗೆ 10 ನಿಮಿಷ, ಪ್ರಶ್ನೆಗಳಿಗೆ 5. ಬೆಲ್ ಬಾರಿಸಿದ ಮೇಲೆ ‘ಇನ್ನೊಂದೇ ಸ್ಲೈಡ್ ಸರ್’ ನಡೆಯಲ್ಲ.

ದಯವಿಟ್ಟು ಪೇಪರ್ ನೋಡಿ ಓದಬೇಡಿ. ಬರೆದ ವಾಕ್ಯಗಳು ಉದ್ದ ಇರುತ್ತವೆ, ಕೇಳುವವರು ಪುಟ ತಿರುಗಿಸಿ ನೋಡೋಕಾಗಲ್ಲ ಅಲ್ವಾ? ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ ಮಾತ್ರ ಬಾಯಿಪಾಠ ಇರಲಿ. ನಾಲಿಗೆ ತಡವರಿಸೋದು ಜಾಸ್ತಿ ಅಲ್ಲೇ.

ಸ್ಲೈಡಿನ ತಲೆಬರಹ ಸುಮ್ನೆ ಹಾಕಬೇಡಿ. ಗೋಳಗುಮ್ಮಟದ ಮೇಲೆ ಕೆಲಸ ಮಾಡುತ್ತಿರುವವರು ‘ಆರ್ಕಿಟೆಕ್ಚರ್’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲ್ಲ. ‘ಒಂದನ್ನೊಂದು ಹಾಯುವ ಎಂಟು ಕಮಾನುಗಳು ಗುಮ್ಮಟದ ಭಾರ ಹೊರುತ್ತವೆ’ ಅನ್ನುವುದನ್ನೇ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯವಾಗಿ ಬರೆಯಿರಿ. ಕೆಳಗೆ ಆ ಕಮಾನುಗಳ ನಕ್ಷೆ ಒಂದೇ ಸಾಕು. ಊರಿನ ಇನ್ನೊಂದು ಸ್ಮಾರಕ ಇಬ್ರಾಹಿಂ ರೋಜಾದ ಚಂದದ ಫೋಟೋ ಅಲ್ಲಿ ಬೇಡ, ಆಸೆಯಾದರೂ!

ಉಚ್ಚಾರದ ಚಿಂತೆ ಬಿಡಿ. ನಮ್ಮ ಕಡೆಯ ಇಂಗ್ಲಿಷ್ ಯಾರಿಗೂ ತೊಂದರೆ ಅಲ್ಲ, ಉಸಿರು ಬಿಡದೆ ಓಡುವುದೇ ತೊಂದರೆ. ವಾಕ್ಯ ಮುಗಿದಾಗ ನಿಲ್ಲಿ. ಥರ್ಟೀನ್, ಥರ್ಟಿ ಕಿವಿಗೆ ಒಂದೇ ತರ ಕೇಳುತ್ತವೆ, ಹಾಗಾಗಿ ಅಂಕಿಗಳು ಸ್ಲೈಡಿನಲ್ಲೂ ಕಾಣಲಿ.

ಪ್ರಶ್ನೆ ತಿಳಿಯದಿದ್ದರೆ ‘ಡು ಯೂ ಮೀನ್’ ಎಂದು ಶುರುಮಾಡಿ ನಿಮ್ಮ ಮಾತಲ್ಲೇ ತಿರುಗಿ ಕೇಳಿ. ಯೋಚಿಸೋಕೂ ಸಮಯ ಸಿಗುತ್ತದೆ.

ಶಾಸನದ ಕನ್ನಡ ಸಾಲು ಹಾಕಿದವರು ಪಿಡಿಎಫ್ ಪ್ರತಿಯನ್ನೂ ತನ್ನಿ. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಕೈಕೊಡುತ್ತದೆ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.